ಯಾರ ಸಾಮಾನು, ಯಾರ ಹೆಗಲು



2025ರ ಜುಲೈ 10ರಂದು ಪ್ಯಾರಿಸ್ಸಿನಲ್ಲಿ ಒಂದು ಹಳೆಯ ಕೈಚೀಲ ಹರಾಜಿಗೆ ಬಂತು. ಕಪ್ಪು ಚರ್ಮದ್ದು. ಅಂಚು ಸವೆದಿತ್ತು. ಮೈಮೇಲೆಲ್ಲ ಗೀರು, ಯಾವ ಕಾಲದಲ್ಲೋ ಅಂಟಿಸಿ ಕಿತ್ತ ಸ್ಟಿಕ್ಕರುಗಳ ಕಲೆ. ಅದರ ಸರಪಳಿಗೆ ಒಂದು ನೇಲ್ ಕಟರ್ ನೇತುಬಿದ್ದಿತ್ತು. ನಮ್ಮ ಮನೆಯಲ್ಲಾಗಿದ್ದರೆ ದಸರೆಗೆ ಮುಂಚೆ ಅಟ್ಟ ಗುಡಿಸುವಾಗ ಹೊರಗೆ ಬೀಳುವ ಸಾಮಾನು. ಅಲ್ಲಿ ಅದು ಸುಮಾರು 86 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕಕ್ಕೆ 80 ಕೋಟಿ ರೂಪಾಯಿಗೂ ಮೇಲೆ. ಕೈಚೀಲವೊಂದಕ್ಕೆ ಅಷ್ಟು ದುಡ್ಡು ಅದುವರೆಗೆ ಯಾವ ಹರಾಜಿನಲ್ಲೂ ಬಂದಿರಲಿಲ್ಲ.

ಆ ಚೀಲ ಜೇನ್ ಬರ್ಕಿನ್ ಎಂಬ ನಟಿಯದು. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರಾದವರು, ಹಾಡುಗಾರ್ತಿಯೂ ಹೌದು. ಬಹಳ ವರ್ಷ ಈಕೆ ಎಲ್ಲಿಗೆ ಹೋದರೂ ಕೈಯಲ್ಲಿ ಹೆಣೆದ ಬುಟ್ಟಿಯೊಂದನ್ನು ಹಿಡಿದೇ ಹೋಗುತ್ತಿದ್ದರು. 1980ರ ದಶಕದಲ್ಲಿ ಒಮ್ಮೆ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಅವರ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು. ಪಕ್ಕದ ಸೀಟಿನಲ್ಲಿದ್ದವರು ಎರ್ಮೆಸ್ ಎಂಬ ಚರ್ಮದ ಸಾಮಾನಿನ ಕಂಪನಿಯ ಯಜಮಾನ ಝಾನ್ ಲೂಯಿ ದ್ಯುಮಾ. ಮಕ್ಕಳ ತಾಯಿಗೆ ಆಗಿಬರುವಂಥ ಒಂದು ಒಳ್ಳೆಯ ಚೀಲ ಎಲ್ಲಿ ಸಿಗುತ್ತದೆ ಹೇಳಿ ಎಂದು ಬರ್ಕಿನ್ ಗೊಣಗಿದರು. ವಿಮಾನದಲ್ಲಿ ವಾಂತಿಗೆಂದು ಇಟ್ಟಿರುತ್ತಾರಲ್ಲ ಕಾಗದದ ಚೀಲ, ಅದರ ಮೇಲೆಯೇ ಇಬ್ಬರೂ ಸೇರಿ ನಕ್ಷೆ ಗೀಚಿದರು. ಮಗುವಿನ ಹಾಲಿನ ಬಾಟಲಿಗೂ ಅದರಲ್ಲಿ ಜಾಗ ಇತ್ತು. ಅದೇ ಮುಂದೆ ಬರ್ಕಿನ್ ಬ್ಯಾಗ್ ಆಯಿತು.

ಇವತ್ತು ಆ ಜಾತಿಯ ಹೊಸ ಬ್ಯಾಗಿಗೆ ಲಕ್ಷಗಟ್ಟಲೆ ರೂಪಾಯಿ ಎಣಿಸಬೇಕು. ದುಡ್ಡಿದ್ದರೂ ಅಂಗಡಿಗೆ ಹೋದ ಕೂಡಲೇ ಕೊಡುವುದಿಲ್ಲ. ಕೊಂಡವರಲ್ಲಿ ಎಷ್ಟೋ ಜನ ಅದನ್ನು ಗಾಜಿನ ಬೀರುವಿನಲ್ಲಿಟ್ಟು ನೋಡುತ್ತಾರೆ. ಹಾಲಿನ ಬಾಟಲಿ ಅದರ ಹತ್ತಿರ ಸುಳಿಯುವಂತಿಲ್ಲ. ಬರ್ಕಿನ್ ಅವರು ಮಾತ್ರ ತಮ್ಮ ಬ್ಯಾಗುಗಳಿಗೆ ಸ್ಟಿಕ್ಕರು ಅಂಟಿಸಿ, ಮಣಿಸರ ಕಟ್ಟಿ, ಬಾಯಿ ಮುಚ್ಚಲಾಗದಷ್ಟು ತುಂಬಿಕೊಂಡು ಬೀದಿಯಲ್ಲಿ ಓಡಾಡಿದರು. ಈಚೆಗೆ ಪ್ಯಾರಿಸ್ಸಿನಲ್ಲಿ ಹರಾಜಾದ ಆ ಮೊದಲ ಬ್ಯಾಗನ್ನು 1994ರಲ್ಲೇ ಏಡ್ಸ್ ರೋಗಿಗಳ ನೆರವಿಗೆಂದು ಹರಾಜಿಗೆ ಕೊಟ್ಟೂ ಬಿಟ್ಟರು. ಬ್ಯಾಗನ್ನು ನಿಜವಾಗಿ ಪ್ರೀತಿಸಿದವರು ಇವರೇ ಎಂದು ನನಗೆ ಅನ್ನಿಸುತ್ತದೆ.

ಇವತ್ತಿನ ನನ್ನ ಮಾತು ಆ ಹಾಲಿನ ಬಾಟಲಿಯ ಬಗ್ಗೆ. ಬ್ಯಾಗಿನ ಮೇಲೆ ಜನಕ್ಕಿರುವ ಮೋಹವನ್ನು, ಅದರಲ್ಲೂ ಹೆಂಗಸರಿಗಿರುವ ಮೋಹವನ್ನು, ಶೋಕಿ ಎಂದು ತಳ್ಳಿಹಾಕುವುದು ಸುಲಭ. ಶೋಕಿ ಇದೆ, ಇಲ್ಲವೆನ್ನಲಾರೆ. ಆದರೆ ಜಿಪ್ಪು ಎಳೆದು, ಒಳಗಿರುವ ಒಂದೊಂದೂ ಯಾರದು ಎಂದು ಕೇಳುತ್ತ ಹೋಗಿ. ಅರ್ಧಕ್ಕರ್ಧ ಸಾಮಾನು ಬ್ಯಾಗಿನ ಯಜಮಾನಿಯದಾಗಿರುವುದಿಲ್ಲ.

ಸಾಮಾನು ಕಟ್ಟಿಕೊಂಡು ಓಡಾಡುವ ಚಾಳಿ ಮನುಷ್ಯನಿಗೆ ಹೊಸದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದಿನ ಗಂಡಸೊಬ್ಬನ ಹೆಣ ಸಿಕ್ಕಿತು. ಅವನ ಸೊಂಟದಲ್ಲಿ ಕರುವಿನ ಚರ್ಮದ ಪುಟ್ಟ ಚೀಲವಿತ್ತು. ಅದರೊಳಗೆ ಕೆರೆಯುವುದಕ್ಕೂ ಕೊರೆಯುವುದಕ್ಕೂ ಬೇಕಾದ ಚಕಮಕಿ ಕಲ್ಲಿನ ಸಲಕರಣೆ, ಮೂಳೆಯ ದಬ್ಬಳ, ಬೆಂಕಿ ಹೊತ್ತಿಸಲು ಒಣಗಿದ ಅಣಬೆ. ಚಾಕು, ದಬ್ಬಳ, ಬೆಂಕಿಪೊಟ್ಟಣ: ನಮ್ಮ ಹಳ್ಳಿಯ ಹಿರಿಯರ ನಡುಪಟ್ಟಿಯ ಜೇಬಿನಲ್ಲಿ ಮೊನ್ನೆಮೊನ್ನೆಯವರೆಗೂ ಸಿಗುತ್ತಿದ್ದ ಪಟ್ಟಿಯೇ. ಅದು ಬೆಟ್ಟ ಹತ್ತಿ ಹೊರಟವನೊಬ್ಬನ ಚೀಲ. ಅದರಲ್ಲಿ ಬೇರೆಯವರದು ಏನೂ ಇರಲಿಲ್ಲ.

ಯೂರೋಪಿನ ಹೆಂಗಸರ ಕೈಗೆ ಚೀಲ ಬಂದದ್ದು ಜೇಬು ಹೋದದ್ದರಿಂದ. ಹದಿನೆಂಟನೆಯ ಶತಮಾನದಲ್ಲಿ ಅವರು ಅಗಲವಾದ ಲಂಗದೊಳಗೆ, ಸೊಂಟಕ್ಕೆ ಲಾಡಿ ಕಟ್ಟಿ ದೊಡ್ಡ ದೊಡ್ಡ ಜೇಬುಗಳನ್ನು ಇಳಿಬಿಟ್ಟುಕೊಳ್ಳುತ್ತಿದ್ದರು. ಮೇಲಿನ ಬಟ್ಟೆಯ ಸೀಳಿನಲ್ಲಿ ಕೈ ತೂರಿಸಿದರೆ ಬೀಗದ ಕೈ, ಕತ್ತರಿ, ಕಾಸು, ತಿನ್ನುವ ಸೇಬು, ಎಲ್ಲವೂ ಸಿಗುತ್ತಿದ್ದವು. ಆ ಶತಮಾನದ ಕೊನೆಗೆ ಮೈಗಂಟುವ ತೆಳುವಾದ ಉಡುಪಿನ ಕಾಲ ಬಂತು. ಒಳಗೆ ಜೇಬು ಕಟ್ಟಿದರೆ ಹೊರಗೆ ಉಬ್ಬು ಕಾಣುತ್ತದೆ. ಹಾಗಾಗಿ ಜೇಬು ಹೊರಗೆ ಬಂದು, ದಾರ ಎಳೆದು ಮುಚ್ಚುವ ಪುಟ್ಟ ಚೀಲವಾಗಿ ಕೈಗೆ ನೇತುಬಿತ್ತು. ಒಳಉಡುಪನ್ನು ಹೊರಗೆ ಹಿಡಿದು ನಡೆದರೆ ಹೇಗೆ ನಗುತ್ತಾರೋ ಹಾಗೆ ಮೊದಮೊದಲು ನಕ್ಕರಂತೆ. ಗಂಡಸರ ಕೋಟಿನ ಜೇಬುಗಳು ಮಾತ್ರ ಇದ್ದಲ್ಲೇ ಇದ್ದವು, ಹೆಚ್ಚಾದವು.

ಸರಿ, ಚೀಲ ಕೈಗೆ ಬಂತು. ಅದರೊಳಗಿನ ದುಡ್ಡು ಯಾರದು? ಇಂಗ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಬಾಳೆಲ್ಲ ದುಡಿದ ಮಿಲಿಸೆಂಟ್ ಫಾಸೆಟ್ ಅವರ ಪರ್ಸನ್ನು 1870ರ ದಶಕದಲ್ಲಿ ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ಒಬ್ಬ ಹುಡುಗ ಎಗರಿಸಿದ. ಒಳಗೆ ಇದ್ದದ್ದು ಎರಡು ಪೌಂಡಿಗೂ ಕಡಿಮೆ. ಹುಡುಗ ಸಿಕ್ಕಿಬಿದ್ದು ಕೋರ್ಟಿಗೆ ಬಂದ. ಆರೋಪಪಟ್ಟಿ ಓದಿದಾಗ ಫಾಸೆಟ್ ಅವರಿಗೆ ಗೊತ್ತಾಯಿತು: ಕದ್ದದ್ದು ಅವರ ಮೈಮೇಲಿಂದ, ಆದರೆ ಸೊತ್ತು ಹೆನ್ರಿ ಫಾಸೆಟ್ ಅವರದು, ಅಂದರೆ ಗಂಡನದು. ಮದುವೆಯಾದ ಹೆಂಗಸಿನ ಕೈಚೀಲದ ಚಿಲ್ಲರೆಯೂ ಕಾನೂನಿನ ಕಣ್ಣಲ್ಲಿ ಗಂಡನದೇ ಆಗಿದ್ದ ಕಾಲ ಅದು. ತನ್ನನ್ನೇ ಕಟಕಟೆಗೆ ಹತ್ತಿಸಿದಂತೆ ಆಯಿತು ಎಂದು ಆಕೆ ಮುಂದೆ ಬರೆದುಕೊಂಡಿದ್ದಾರೆ. ಆ ಕಾನೂನು ಅಲ್ಲಿ ಪೂರ್ತಿ ಬದಲಾಗಲು 1882 ಬರಬೇಕಾಯಿತು. ಬ್ಯಾಗನ್ನು ಎದೆಗವಚಿಕೊಂಡು ಕೂರುವ ಹೆಂಗಸನ್ನು ಕಂಡು ನಗುವವರಿಗೆ ಈ ಕಥೆ ಹೇಳಬೇಕು.

ನಮ್ಮ ಕಡೆಗೆ ಬರೋಣ. ಸೀರೆಗೆ ಜೇಬಿಲ್ಲ. ಹಾಗೆಂದು ನಮ್ಮ ಅಜ್ಜಿಯರು ಬರಿಗೈಯಲ್ಲಿ ಓಡಾಡಿದವರಲ್ಲ. ಸೆರಗಿನ ತುದಿಗೆ ಗಂಟು, ಗಂಟಿನೊಳಗೆ ನಾಲ್ಕಾಣೆ. ಸೊಂಟದಲ್ಲಿ ಬೀಗದ ಕೈ ಗೊಂಚಲು. ಮಡಿಲಿನಲ್ಲಿ ಮೂರು ಸೇರು ಕಾಳನ್ನು ಚೆಲ್ಲದ ಹಾಗೆ ಹೊತ್ತು ತರುವ ಜಾಣ್ಮೆಯೂ ಇತ್ತು. ಇದೆಲ್ಲದರ ಮೇಲೆ ಎಲೆ ಅಡಿಕೆ ಚೀಲ. ಉತ್ತರ ಕರ್ನಾಟಕದವರು ಚಂಚಿ ಎನ್ನುತ್ತಾರೆ, ಉತ್ತರ ಕನ್ನಡದ ಕಡೆ ಅದು ಕವಳದ ಸಂಚಿ. ಆ ಚೀಲದ ಹೊಲಿಗೆ ನೋಡಿದವರಿಗೆ ಗೊತ್ತು. ಹೊರಗಿನಿಂದ ಅಂಗೈಯಗಲದ ಬಟ್ಟೆಯ ಮಡಿಕೆ. ದಾರ ಸಡಿಲಿಸಿ ಎಳೆದರೆ ಅರೆ ಒಳಗೊಂದು ಅರೆ. ಎಲೆ ಬಾಡದಂತೆ ಒದ್ದೆ ಬಟ್ಟೆಯ ತುಂಡಿಗೆ ಒಂದು, ಅಡಿಕೆಗೆ ಒಂದು, ಹೊಗೆಸೊಪ್ಪಿಗೆ ಎಲ್ಲಕ್ಕಿಂತ ಒಳಗಿನದು. ಸುಣ್ಣದ ಡಬ್ಬಿ, ಅಡಕತ್ತರಿ, ಎರಡು ಲವಂಗ. ಇವುಗಳ ನಡುವೆ ಮಡಿಸಿ ಮಡಿಸಿ ಕಡ್ಡಿಯಷ್ಟು ಸಣ್ಣದಾದ ಹತ್ತು ರೂಪಾಯಿ ನೋಟು. ಅದು ಮೊಮ್ಮಕ್ಕಳು ಊರಿಗೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಕೈಗೆ ತುರುಕುವುದಕ್ಕೆ. ಕತ್ತಲಲ್ಲೂ ಆ ಬೆರಳುಗಳಿಗೆ ಯಾವ ಅರೆಯಲ್ಲಿ ಏನಿದೆ ಎಂಬುದು ತಪ್ಪುತ್ತಿರಲಿಲ್ಲ. ಇವತ್ತು ಅಷ್ಟು ಅರೆಗಳ ಚರ್ಮದ ಪರ್ಸನ್ನು ವಿದೇಶದ ಮುದ್ರೆ ಒತ್ತಿ ಮಾರಿದರೆ ನಾವು ಕ್ಯೂ ನಿಲ್ಲುತ್ತೇವೆ.

ಅಜ್ಜಿಯ ಚಂಚಿಯೂ ಅವಳೊಬ್ಬಳಿಗಲ್ಲ ಎಂಬುದನ್ನು ಗಮನಿಸಿ. ಜಗಲಿಗೆ ಬಂದವರಿಗೆಲ್ಲ ಅದು ಬಾಯಿ ತೆರೆಯುತ್ತಿತ್ತು. ಎಲೆ ಅಡಿಕೆ ಇರುವುದೇ ಕೊಡುವುದಕ್ಕೆ. ಈ ಕೊಡುವ ಚೀಲವನ್ನು ಹೊರುವುದೇ ಒಂದು ಕಾಯಕವಾಗಿದ್ದ ನಾಡು ನಮ್ಮದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿ ಹಡಪ, ಅಂದರೆ ತಾಂಬೂಲದ ಚೀಲ, ಹಿಡಿಯುತ್ತಿದ್ದವರು ಅಪ್ಪಣ್ಣ. ಹಡಪದ ಅಪ್ಪಣ್ಣ ಎಂದೇ ನಮಗೆ ಗೊತ್ತು. ಅವರೂ ವಚನಕಾರರು, ಅವರ ಹೆಂಡತಿ ಲಿಂಗಮ್ಮನವರೂ ವಚನಕಾರ್ತಿ. ಮುಂದೆ 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, ದೊರೆಯನ್ನು ಕಂಡಾಗಲೆಲ್ಲ ತನಗೆ ವೀಳ್ಯ, ಕರ್ಪೂರ ಸಿಕ್ಕಿದ್ದನ್ನು ಮರೆಯದೆ ಬರೆದಿದ್ದಾನೆ. ಆ ವೀಳ್ಯ ಹೊರಗೆ ಬಂದ ಚೀಲ ಯಾರದೋ ಒಬ್ಬರ ಹೆಗಲಿನಲ್ಲಿ ಇದ್ದಿರಲೇಬೇಕು. ಅದು ಸಾಮಾನ್ಯ ಕೆಲಸವೆಂದು ತಿಳಿಯಬೇಡಿ. ದೊರೆಯ ಬಾಯಿಗೆ ಹೋಗುವ ವಸ್ತು. ಎಲೆಗೆ ಸುಣ್ಣ ಸವರುವ ಬೆರಳು ವಿಷವನ್ನೂ ಸವರಬಲ್ಲದು. ಜೀವವನ್ನೇ ಒಪ್ಪಿಸಬಹುದಾದಷ್ಟು ನಂಬಿಕೆ ಇದ್ದವರ ಕೈಗೆ ಮಾತ್ರ ಆ ಚೀಲ ಹೋಗುತ್ತಿತ್ತು.

ಇನ್ನೊಬ್ಬರು ಸಂಚಿಯ ಹೊನ್ನಮ್ಮ. ಮೈಸೂರನ್ನು ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಅರಮನೆಯಲ್ಲಿ ರಾಣಿಯ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು. ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಎಂಬ ಕಾವ್ಯ ಬರೆದಳು. ಪತಿವ್ರತೆಯ ನಡೆನುಡಿ ಹೇಳಲು ಹೊರಟ ಆ ಕಾವ್ಯದೊಳಗೇ, ಹೆಣ್ಣನ್ನು ಕೀಳಾಗಿ ಕಾಣುವವರನ್ನು ನಿಲ್ಲಿಸಿ ನಿಮ್ಮನ್ನು ಹೆತ್ತವಳು ಯಾರು ಎಂದು ಕೇಳುವ ಧೈರ್ಯ ತೋರಿಸಿದಳು. ದಿನವೆಲ್ಲ ಬೇರೆಯವರ ಚೀಲ ಹಿಡಿದು ನಿಂತವಳು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾಳೆ, ಎಲ್ಲರನ್ನೂ ನೋಡಿರುತ್ತಾಳೆ. ಅವಳ ಕಾವ್ಯ ಓದುವಾಗ ನನಗೆ ಆ ಸಂಚಿ ಹಿಡಿದ ಕೈಯೇ ಕಣ್ಣಿಗೆ ಕಟ್ಟುತ್ತದೆ. ಚೀಲ ರಾಣಿಯದು, ಹೆಸರು ಉಳಿದದ್ದು ಹೊತ್ತವಳದು.

ಈಗಿನ ವ್ಯಾನಿಟಿ ಬ್ಯಾಗಿನ ಯಜಮಾನಿಗೆ ಅರಮನೆಯ ಸಂಬಳವಿಲ್ಲ, ಊಳಿಗ ಅದೇ. ಮದುವೆ ಮನೆಗೆ ಹೊರಡುವ ಒಂದು ಸಂಸಾರವನ್ನು ನೋಡಿ. ಯಜಮಾನರ ಕನ್ನಡಕದ ಡಬ್ಬಿ, ಅತ್ತೆಯ ಬಿಪಿ ಮಾತ್ರೆ, ಮಗಳ ಕ್ಲಿಪ್ಪು, ಮಗನ ಮೊಬೈಲಿನ ಚಾರ್ಜರು, ಮನೆಯ ಬೀಗದ ಕೈ, ಮುಯ್ಯಿಯ ಕವರು, ಆ ಕವರಿಗೆ ಒಂದು ರೂಪಾಯಿ ನಾಣ್ಯ. ದಾರಿಯಲ್ಲಿ ವಾಂತಿ ಬಂದರೆ ನಿಂಬೆಹಣ್ಣು, ಸೀರೆಯ ನೆರಿಗೆ ಜಾರಿದರೆ ಪಿನ್ನು. ಆ ಪಿನ್ನು ಅವಳದೇ ಇರಬಹುದು, ಆದರೆ ಛತ್ರದಲ್ಲಿ ಅದನ್ನು ಕೇಳಿಕೊಂಡು ಬರುವವರು ಹತ್ತು ಜನ. ಇಷ್ಟರ ಮೇಲೆ ಎಲ್ಲರೂ ಕಾರು ಹತ್ತುವ ಹೊತ್ತಿಗೆ ಒಂದು ಮಾತು: “ಇದೊಂದು ನಿನ್ನ ಬ್ಯಾಗಲ್ಲಿ ಹಾಕ್ಕೊಂಡ್ಬಿಡು.” ಏನೂ ತೂಕವಿಲ್ಲದಂತೆ ಹೇಳುವ ಮಾತು ಅದು. ದಾರಿಯುದ್ದಕ್ಕೂ ಆ ಬ್ಯಾಗಿನ ಭಾರದ ಬಗ್ಗೆ ಹಾಸ್ಯ ಮಾಡುವವರೂ ಅವರೇ. ಇದರೊಳಗೆ ಕಲ್ಲು ತುಂಬಿದ್ದೀಯೇನೇ ಎನ್ನುತ್ತಾರೆ.

ಅವಳದೇ ಎನ್ನಬಹುದಾದ ಜಾಗ ಎಲ್ಲಿ? ಸಾಮಾನ್ಯವಾಗಿ ಒಳಗಿನ ಸಣ್ಣ ಜಿಪ್ಪಿನಲ್ಲಿ. ಅಲ್ಲಿ ಲೆಕ್ಕಕ್ಕೆ ಸಿಗದ ಐನೂರರ ನೋಟು, ದೇವಸ್ಥಾನದ ಕುಂಕುಮದ ಪೊಟ್ಟಣ, ಯಾರದೋ ಹಳೆಯ ಒಂದು ಫೋಟೊ. ಹಿಂದಿನವರು ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿ ಕೂಡಿಡುತ್ತಿದ್ದ ದುಡ್ಡು ಹೊಸಿಲು ದಾಟಿ ಹೊರಗೆ ಬಂದದ್ದು ಇಲ್ಲಿ. ಕೆಲಸಕ್ಕೆ ಹೋಗುವ ಹೆಂಗಸಿಗೆ ಬ್ಯಾಗು ಬೇಕಾದದ್ದು ಟಿಫನ್ ಡಬ್ಬಿಗೂ ಪಾಸಿಗೂ ಇರಬಹುದು. ಆದರೆ ಇನ್ನೊಬ್ಬರು ಕೇಳದೆ ಕೈಹಾಕುವಂತಿಲ್ಲದ ಒಂದು ಜಾಗ ಸಿಕ್ಕಿತಲ್ಲ, ಮೋಹ ಹುಟ್ಟಿದ್ದು ಅದಕ್ಕೆ. ಮನೆಯ ಬೀರುವನ್ನು ಎಲ್ಲರೂ ತೆಗೆಯುತ್ತಾರೆ. ಹೆಂಡತಿಯ ಬ್ಯಾಗಿನಿಂದ ಪೆನ್ನು ಬೇಕಾದರೂ ಒಳ್ಳೆಯ ಗಂಡ ಬ್ಯಾಗನ್ನೇ ತಂದು ಅವಳ ಕೈಗೆ ಕೊಡುತ್ತಾನೆ, ತಾನು ತೆಗೆಯುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆ ಬ್ಯಾಗಿಗೆ ಇನ್ನೊಂದು ಸಾಮಾನು ಸೇರಿತು. ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಬೇಡ, ಈ ರಾಜ್ಯದವಳು ಎಂದು ತೋರಿಸುವ ಗುರುತಿನ ಚೀಟಿ ಬೇಕು. ಅದುವರೆಗೆ ಯಜಮಾನರ ಕಾಗದಪತ್ರದ ಫೈಲಿನಲ್ಲಿ ಮಲಗಿದ್ದ ಎಷ್ಟೋ ಹೆಂಗಸರ ಆಧಾರ್ ಕಾರ್ಡು ಅವರದೇ ಕೈಚೀಲಕ್ಕೆ ಬಂತು. ಬಸ್ಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕಿಟಕಿಯಿಂದ ಸೀಟಿನ ಮೇಲೆ ಬ್ಯಾಗು ಎಸೆದು ಜಾಗ ಹಿಡಿಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕರ್ಚೀಪು ಎಸೆಯಬಲ್ಲೆ. ಒಂದು ಸಂಸಾರದ ಬೀಗದ ಕೈಯನ್ನೆಲ್ಲ ಅಷ್ಟು ನಂಬಿಕೆಯಿಂದ ಎಸೆದು, ಆಮೇಲೆ ಬಾಗಿಲಿನಲ್ಲಿ ನೂಕಿಕೊಂಡು ಒಳಗೆ ಬರುವ ಹೆಂಗಸರ ಮುಂದೆ ಕೈಮುಗಿಯಬೇಕು.

ಗಂಡಸರು ಈ ಮೋಹದಿಂದ ದೂರ ಎಂದು ಯಾರು ಹೇಳಿದರು? ಕನ್ನಡದ ಬರಹಗಾರರ ಖಾದಿ ಹೆಗಲುಚೀಲ ಒಂದು ಕಾಲಕ್ಕೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಅದನ್ನು ನೇತುಹಾಕಿಕೊಂಡು ಗಡ್ಡ ಬಿಟ್ಟರೆ ಅರ್ಧ ಸಾಹಿತಿಯಾದ ಹಾಗೆ. ಒಳಗೆ ಅಚ್ಚಾಗದ ಕವಿತೆ, ಮಡಿಸಿದ ಪತ್ರಿಕೆ, ಯಾರಿಂದಲೋ ಓದಲು ತಂದು ಹಿಂದಿರುಗಿಸದ ಪುಸ್ತಕ. ನೋಡಿ, ಅಲ್ಲಿಯೂ ಬೇರೆಯವರ ಸಾಮಾನು ಇರುತ್ತಿತ್ತು, ಆದರೆ ಅದು ಸೇರಿದ ಬಗೆ ಬೇರೆ. ಇನ್ನು ಪ್ಯಾಂಟಿನ ಹಿಂಜೇಬಿನ ಪರ್ಸು. ಬಣ್ಣ ಹೋದ ವಿಸಿಟಿಂಗ್ ಕಾರ್ಡು, ಅವಧಿ ಮುಗಿದ ರಸೀತಿ, ದೇವರ ಪಟ, ಎಲ್ಲ ಸೇರಿ ಇಟ್ಟಿಗೆಯಷ್ಟು ದಪ್ಪವಾಗಿ, ಕೂತಾಗ ಒಂದು ಪಕ್ಕಕ್ಕೆ ವಾಲಿಸುತ್ತದೆ. ಬೆನ್ನುನೋವಿನ ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಹೊಸ ಪರ್ಸು ತಂದುಕೊಟ್ಟರೆ ಹಳೆಯದರ ಕಸವನ್ನೆಲ್ಲ ಜೋಪಾನವಾಗಿ ಹೊಸದಕ್ಕೆ ತುಂಬುತ್ತಾರೆ.

ಗಂಡಸು ಹೊತ್ತ ಚೀಲಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇಳಕಲ್ಲಿನ ಮಹಾಂತಜ್ಜನವರ ಜೋಳಿಗೆ. ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಊರೂರು ಅಲೆದು, ಮನೆಮನೆಯ ಮುಂದೆ ಜೋಳಿಗೆ ಒಡ್ಡಿ, ದುಡ್ಡು ಬೇಡ ಜೋಳ ಬೇಡ, ನಿಮ್ಮ ಕುಡಿತ ಹಾಕಿ, ಬೀಡಿ ತಂಬಾಕು ಹಾಕಿ ಎಂದು ಬೇಡಿದರು. ಜನ ಹಾಕಿದರು ಕೂಡ. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಬೇರೆಯವರ ಭಾರ ಹೊರುವುದು ಎಂದರೆ ಅದು. ಆ ಜೋಳಿಗೆಗೆ ಕುಡಿತ ಬಿದ್ದ ಮನೆಯಲ್ಲಿ ಮರುವಾರ ಯಾರ ಸೆರಗಿನ ಗಂಟು ದಪ್ಪವಾಗಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಚೀಲವನ್ನು ಚೀಲವಾಗಿಯೇ ಪ್ರೀತಿಸುವ ಕಾಯಿಲೆಯೂ ನಮ್ಮಲ್ಲಿ ಉಂಟು. ಯಾವ ಮನೆಯ ಅಡಿಗೆಮನೆಗೆ ಹೋದರೂ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ತೂಗುತ್ತಿರುತ್ತದೆ, ಅದರ ತುಂಬ ಚೀಲಗಳು. ಜವಳಿ ಅಂಗಡಿಯದು, ಬಂಗಾರದ ಅಂಗಡಿಯದು, ಹೆಣೆದ ವಯರ್ ಬುಟ್ಟಿ, ಎಲ್ಲಕ್ಕಿಂತ ಹೆಚ್ಚು ತಾಂಬೂಲದ ಚೀಲ. ಹಿಂದೆ ಮದುವೆ ಮನೆಯಲ್ಲಿ ತೆಂಗಿನಕಾಯಿ, ಎಲೆ, ಅಡಿಕೆಯನ್ನು ಕೈಗೇ ಕೊಡುತ್ತಿದ್ದರು, ನಾವು ಸೆರಗು ಒಡ್ಡುತ್ತಿದ್ದೆವು. ಈಗ ಅದಕ್ಕೆ ಬಟ್ಟೆಯ ಚೀಲ, ಮೇಲೆ ವಧೂವರರ ಹೆಸರು, ತಾರೀಕು. ಆ ಮದುವೆ ಮಾಡಿಸಿದ ಪುರೋಹಿತರು ಮರೆತರೂ ನಮ್ಮ ಮೊಳೆ ಮರೆಯುವುದಿಲ್ಲ. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗುಗಳನ್ನು ನಿಷೇಧಿಸಿದಾಗ ಹಲವರು ಇನ್ನೇನು ಗತಿ ಎಂದರು. ತರಕಾರಿಗೆ ಹೋಗಲು ಯಾರದೋ ಮದುವೆಯ ಚೀಲ ಸಿದ್ಧವಾಗಿತ್ತು. ನಿಷೇಧ ಅರ್ಧಂಬರ್ಧ ನಿಂತದ್ದು ಬೇರೆ ಮಾತು.

ಕೊಳ್ಳುವುದೇ ಆದರೆ ಎಂಥದ್ದು ಕೊಳ್ಳಬೇಕು ಎಂದು ನನ್ನನ್ನು ಕೇಳುವವರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಯದು ಎನ್ನುತ್ತೇನೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವೆಲ್ಲ ಸುತ್ತಿದವರು ಆ ಜನ. ಊರಿನಿಂದ ಊರಿಗೆ ಮನೆಯನ್ನೇ ಕಟ್ಟಿಕೊಂಡು ಹೋಗುವವರಿಗೆ ಚೀಲ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡಿ, ಕವಡೆ, ಕೆಂಪು ನೀಲಿ ದಾರ, ಒಂದಂಗುಲ ಬಟ್ಟೆಯೂ ಖಾಲಿ ಬಿಡದ ಕೈ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯಾಯಿತು. ಬೆಲೆ ಕೇಳಿ ಚೌಕಾಸಿ ಮಾಡಬೇಡಿ. ಒಂದು ಚೀಲದ ಮುಖಕ್ಕೆ ಎಷ್ಟು ದಿನದ ಕಣ್ಣು ಹೋಗಿರುತ್ತದೆ ಎಂದು ಅಲ್ಲೇ ಕೂತವರನ್ನು ಕೇಳಿ.

ಯಾವುದೇ ಕೊಳ್ಳಿ, ಚಿಕ್ಕದನ್ನೇ ಕೊಳ್ಳಿ. ದೊಡ್ಡ ಬ್ಯಾಗಿಗೆ ಮನೆಯವರೆಲ್ಲರ ಸಾಮಾನು ತಾನಾಗಿ ಬಂದು ಸೇರುತ್ತದೆ. ಚಿಕ್ಕದಿದ್ದರೆ ಜಾಗ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು, ಅದು ಸುಳ್ಳೂ ಆಗುವುದಿಲ್ಲ. ನನ್ನ ಗೆಳತಿಯೊಬ್ಬಳು ಹಾಗೇ ಮಾಡಿದಳು. ಅಂಗೈಯಗಲದ ಪರ್ಸು ತೆಗೆದುಕೊಂಡು ಎರಡು ಸಲ ಜಾಗ ಇಲ್ಲ ಎಂದಳು. ಮೂರನೆಯ ಸಲಕ್ಕೆ ಅವಳ ಯಜಮಾನರು ತಾವೇ ಪೇಟೆಗೆ ಹೋಗಿ ಒಂದು ಹೆಗಲುಬ್ಯಾಗು ಕೊಂಡು ತಂದರು. ಈಗ ಅವರಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ, ಯಾರಿಗೂ ಮುಟ್ಟಗೊಡುವುದಿಲ್ಲವಂತೆ. ಅವಳ ಛತ್ರಿ, ನೀರಿನ ಬಾಟಲಿ ಅದರಲ್ಲೇ ಹೋಗುತ್ತವೆ.